ಇಳಿ

ಹಿತಕಿದ ಬೇಳೆ ಫ್ರಿಜ್ಜಿನಲ್ಲೇ ಉಳಿಯಿತು.
ನೆನಪಾದದ್ದು ಬೆಲ್ಟು, ಚಿಲ್ಲರೆ, ಬೀಗದ ಕೈ
ಎಲ್ಲ ಟ್ರೇಗೆ ಸುರಿದು
ಕಳ್ಳನ ಹಾಗೆ ಕೈಯೆತ್ತಿ ನಿಂತಾಗ.
ಇನ್ನು ನಲವತ್ತು ನಿಮಿಷ.
ನಾಗಪುರದಲ್ಲಿ ತಂಗಿ ಮುನಿರತ್ನ
ಬರಿಗೈಲಿ ಹೋದರೆ ಏನೂ ಅನ್ನಲ್ಲ.
ಆ ಏನೂ ಅನ್ನದ್ದೇ ಕಷ್ಟ.

ಅಂಗಡಿಯಲ್ಲಿ ಸೋಪು ಮೈಸೂರಿನದು,
ಕಾಫಿ ಕೊಡಗಿನದು, ಹೂಜಿ ಬೀದರಿನದು,
ಸೀರೆ ಇಳಕಲ್ಲಿನದು.
"ಬೆಂಗಳೂರಿನದೇ ಏನಾದರೂ ಇದೆಯಾಮ್ಮ?"
ಎದೆಯ ಮೇಲೆ ನಗೀನಾ ಅಂತ ಹೆಸರಿದ್ದ ಹುಡುಗಿ
ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಬಂದಳು.
ಹೆಬ್ಬೆರಳಷ್ಟು ವಿಧಾನಸೌಧ ತೋರಿಸಿದಳು, ಮ್ಯಾಗ್ನೆಟ್ಟು.
ಆಮೇಲೆ, "ಬಸ್ಸಿದೆ ಅಂಕಲ್."

ಮರದ ಬಸ್ಸು, ಗೇಣುದ್ದ, ಕೆಂಪು.
ಚಕ್ರ ತಿರುಗುತ್ತೆ, ಬಾಗಿಲು ತೆರೆಯಲ್ಲ.
ಹಣೆಯ ಮೇಲೆ ಹಳದಿ ಪಟ್ಟಿ, ಕರಿ ಅಕ್ಷರ:
ಶಿವಜಿನಗರ.

ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದೆ.
ಇಲ್ಲ. ವಕ್ಕೆ ಇಳಿ ಇಲ್ಲ.

ಮೂವತ್ತೆರಡು ವರ್ಷ ಡಿಪೋದಲ್ಲಿ
ನಾನು ಬರೆದದ್ದು ಇದನ್ನೇ.
ತಗಡಿಗೆ ಹಳದಿ ಬಳಿದು,
ಸುಣ್ಣದ ದಾರ ಚಿಮ್ಮಿ ಗೆರೆ ಹೊಡೆದು,
ಉಸಿರು ಬಿಗಿಹಿಡಿದು ಒಂದೊಂದು ಅಕ್ಷರ.
ಒಣಗಲು ಗೋಡೆಗೆ ಒರಗಿಸಿದ ಬೋರ್ಡುಗಳ ಮುಂದೆ
ಊಟದ ಕ್ಯಾರಿಯರ್ ತಂದ ಮುನಿರತ್ನ
ಕುಕ್ಕರಗಾಲಲ್ಲಿ ಕೂತು,
ಮೂರನೇ ಕ್ಲಾಸಿಗೆ ಬಿಡಿಸಿದ್ದ ಇಸ್ಕೂಲನ್ನು
ಅಲ್ಲಿಂದ ಮುಂದುವರಿಸಿದಳು.
ವ ತಲಕಟ್ಟು ವ. ವ ಇಳಿ ವಾ.
ಕಲಾಸಿಪಾಳ್ಯದಿಂದ ಕ, ಹಲಸೂರಿನಿಂದ ಹ,
ಒತ್ತಕ್ಷರಕ್ಕೆ ಮಲ್ಲೇಶ್ವರ, ಒಂದೇ ಬೋರ್ಡಲ್ಲಿ ಎರಡು.
ಒಂದು ದಿನ ಹಸಿ ಬಣ್ಣಕ್ಕೆ ಬೆರಳು ತೋರಿಸಿ,
"ಅಣ್ಣಾ, ಮಲ್ಲೆಶ್ವರ ಅಂತ ಬರ್ದಿದ್ದೀಯ."
ಮ್ಯಾನೇಜರು ಬರೋ ಮೊದಲೇ ದೀರ್ಘ ಎಳೆದೆ.
ಅವಳು ಯಾರಿಗೂ ಹೇಳಲಿಲ್ಲ.
ನನಗೆ ಮಾತ್ರ
ಮದುವೆಯಾಗಿ ಹೋಗುವ ತನಕ ದಿನಾ ಹೇಳಿದಳು.

"ಒಂದು ಇಳಿ ಕಡಿಮೆ ಇದೆಯಲ್ಲಮ್ಮ,
ಬೆಲೆ ಏನಾದರೂ ಇಳಿಸ್ತೀಯಾ?"
ನಗೀನಾ ಬಸ್ಸನ್ನು ಕಣ್ಣ ಹತ್ತಿರ ಹಿಡಿದು
ತುಟಿಯಲ್ಲೇ ಓದಿದಳು.
"ಎರಡು ವರ್ಷದಿಂದ ಧೂಳು ಒರೆಸ್ತಿದ್ದೀನಿ ಅಂಕಲ್,
ಓದೇ ಇಲ್ಲ ನೋಡಿ."
ಸಾವಿರದಿನ್ನೂರೈವತ್ತು.
ಇಳಿಸಲು ಕಂಪ್ಯೂಟರ್ ಒಪ್ಪಲ್ಲ.

ಶೆಲ್ಫಿನಲ್ಲಿ ಇನ್ನೂ ಒಂಬತ್ತು, ಎಲ್ಲಕ್ಕೂ ಅದೇ ಕೊರೆ.
ಅವಳು ಡ್ರಾಯರಿನಿಂದ ಕಪ್ಪು ಮಾರ್ಕರ್ ತೆಗೆದು
ನನ್ನ ಮುಖ ನೋಡಿದಳು, ಏನೂ ಕೇಳಲಿಲ್ಲ.
ವಕ್ಕೂ ಜಿಗೂ ನಡುವೆ ಕೂದಲೆಳೆ ಜಾಗ.
ತಲಕಟ್ಟಿನ ತುದಿ ಹಿಡಿದು, ಬಲಕ್ಕೆ ಎಳೆದು, ಬಗ್ಗಿಸಿದೆ.
ಕಾಫಿ ಲೋಟ ಹಿಡಿದರೆ ನಡುಗುವ ಕೈ
ಅಲ್ಲಿ ನಡುಗಲಿಲ್ಲ.
ಬಿಲ್ಲಿಗೆ ನಿಂತವನೊಬ್ಬ ಗಡಿಯಾರ ನೋಡಿದ,
ಆಮೇಲೆ ನನ್ನ ಕೈ ನೋಡಿದ.
ಎರಡು, ಮೂರು, ನಾಲ್ಕು ಬಸ್ಸು
ಶಿವಾಜಿನಗರಕ್ಕೆ ಹೊರಟವು.
ಆರನೆಯದಕ್ಕೆ ಮೈಕು ನಾಗಪುರ ಅಂತು,
ನನ್ನ ಹೆಸರನ್ನೂ ಅಂತು, ತಪ್ಪುತಪ್ಪಾಗಿ.

ತಿದ್ದಿದ್ದೊಂದನ್ನು ನಗೀನಾ ಕಾಗದದಲ್ಲಿ ಸುತ್ತುತ್ತಿದ್ದಳು.
"ಅದು ಬೇಡಮ್ಮ. ನಾನು ಮೊದಲು ಹಿಡಿದದ್ದು ಕೊಡು,
ಇಳಿ ಇಲ್ಲದ್ದು."
"ತಪ್ಪಿರೋದೇ ಬೇಕಾ?"
"ಅದೇ."

ಈಗ ತೊಡೆಯ ಮೇಲೆ ಬಸ್ಸು, ಸೊಂಟಕ್ಕೆ ಬೆಲ್ಟು.
ಕಿಟಕಿಯಲ್ಲಿ ದೇವನಹಳ್ಳಿಯ ದ್ರಾಕ್ಷಿ ಚಪ್ಪರಗಳು
ಗೆರೆ ಹೊಡೆದ ಬೋರ್ಡಿನ ಹಾಗೆ, ಇನ್ನೂ ಬರೆಯದ್ದು.
ಹೊತ್ತಿಗೆ ಸರಿಯಾಗಿ ಇಳಿಯುತ್ತೆ ಅಂತಾರೆ.
ನಲವತ್ತೊಂದು ವರ್ಷದಿಂದ
ಬೀದಿಯಲ್ಲಿ ಕನ್ನಡ ಕಾಣದವಳು
ಉರುಳಿಸಿ ನೋಡಲಿ. ಚಕ್ರ ಚೆನ್ನಾಗಿದೆ ಅನ್ನಲಿ.
ಆಮೇಲೆ ಒಂದು ಗಳಿಗೆ ಸುಮ್ಮನಾಗಲಿ.

ಜೇಬಿಗೆ ಏನೋ ಚುಚ್ಚುತ್ತಿದೆ.
ನಗೀನಾಳ ಮಾರ್ಕರು.
ಅಲ್ಲಿ ಶೆಲ್ಫಿನಲ್ಲಿ ಮೂರು ಬಸ್ಸು
ಇನ್ನೂ ಶಿವಜಿನಗರದಲ್ಲೇ ನಿಂತಿವೆ.